ಹೆಸರು ಎಂಪಿ4, ಸದ್ದು ಮಾತ್ರ ಇಲ್ಲ

ಪ್ರಶ್ನೆ: ನಮ್ಮೂರಿನ ತಾಳಮದ್ದಳೆಯನ್ನು ಎರಡು ಕ್ಯಾಮೆರಾ ಇಟ್ಟು ಚಿತ್ರೀಕರಿಸಿ, ಉಬುಂಟು ಹಾಕಿರುವ ಕಂಪ್ಯೂಟರಿನಲ್ಲಿ ಡಾವಿಂಚಿ ರಿಸಾಲ್ವ್ ಸ್ಟುಡಿಯೋ 18ರಲ್ಲಿ ಎಡಿಟ್ ಮಾಡಿದೆ. ಕ್ಯಾಮೆರಾದ ಧ್ವನಿ ಟೈಮ್‌ಲೈನಿಗೆ ಬರಲೇ ಇಲ್ಲ, ಬೇರೆ ರೆಕಾರ್ಡರಿನ ವೇವ್ ಫೈಲ್ ಜೋಡಿಸಿಕೊಂಡೆ. ಎಕ್ಸ್‌ಪೋರ್ಟ್ ಮಾಡುವಾಗ ಎಎಸಿ ಆಯ್ಕೆ ಕಾಣಲಿಲ್ಲ. ಕ್ವಿಕ್‌ಟೈಮ್, ಎಚ್.264, ಲೀನಿಯರ್ ಪಿಸಿಎಂ ಎಂದು ಕೊಟ್ಟೆ. ಬಂದ ಎಂಒವಿ ಫೈಲಿನ ಹೆಸರನ್ನು ಎಂಪಿ4 ಎಂದು ತಿದ್ದಿದೆ. ವಿಎಲ್‌ಸಿ ಪ್ಲೇಯರಿನಲ್ಲಿ ಎಲ್ಲ ಸರಿಯಿದೆ. ಹೀಗೇ ತೆಗೆದ ಒಂದು ಪದ್ಯದ ತುಣುಕನ್ನು ಭಾಗವತರ ಫೋನಿಗೆ ಹಾಕಿಕೊಟ್ಟರೆ ಚಿತ್ರ ಓಡುತ್ತದೆ, ಸದ್ದೇ ಇಲ್ಲ. ಮೂರು ಗಂಟೆಯದನ್ನು ಪೂರ್ತಿ ಮತ್ತೆ ರೆಂಡರ್ ಮಾಡಬೇಕೇ?
– ಓದುಗರೊಬ್ಬರು, ಸಾಗರ

ಉತ್ತರ: ಬೇಡವೇ ಬೇಡ. ಚಿತ್ರಕ್ಕೆ ಏನೂ ಆಗಿಲ್ಲ, ಅದನ್ನು ಮುಟ್ಟಬೇಡಿ. ಧ್ವನಿಯೊಂದನ್ನು ಬದಲಿಸಿದರೆ ಸಾಕು.

ಎಂಒವಿ, ಎಂಪಿ4, ಎಂಕೆವಿ ಎಲ್ಲವೂ ಬರೀ ಡಬ್ಬಿಗಳು. ಒಳಗೆ ಚಿತ್ರ ಒಂದು ಕೋಡೆಕ್‌ನಲ್ಲಿ (ಸಂಕೇತವಾಗಿ ಬರೆದಿಡುವ ಒಂದು ವಿಧಾನದಲ್ಲಿ), ಧ್ವನಿ ಇನ್ನೊಂದರಲ್ಲಿ ಇರುತ್ತದೆ. ನೀವು ಬದಲಿಸಿದ್ದು ಡಬ್ಬಿಯ ಮೇಲಿನ ಚೀಟಿಯನ್ನು. ಎಂಪಿ4 ರಚನೆಯೇ ಆಪಲ್‌ನ ಕ್ವಿಕ್‌ಟೈಮ್ ಆಧರಿಸಿದ್ದಾದ್ದರಿಂದ ಫೋನು ಫೈಲನ್ನು ತೆರೆಯಿತು, ಎಚ್.264 ಚಿತ್ರವನ್ನೂ ತೋರಿಸಿತು. ಧ್ವನಿಯ ವಿಷಯದಲ್ಲಿ ಅದಕ್ಕೆ ಅಷ್ಟು ಔದಾರ್ಯವಿಲ್ಲ. ಎಂಪಿ4 ಎಂದಮೇಲೆ ಸಾಮಾನ್ಯವಾಗಿ ಎಎಸಿ, ಅಂದರೆ ಕುಗ್ಗಿಸಿದ ಧ್ವನಿ, ಇರುತ್ತದೆ. ಕುಗ್ಗಿಸದೆ ಇಟ್ಟ ಪಿಸಿಎಂ ಎದುರಾದರೆ ಎಷ್ಟೋ ಫೋನು, ಟಿವಿಗಳು ತೆಪ್ಪಗಿದ್ದುಬಿಡುತ್ತವೆ. ವಿಎಲ್‌ಸಿಯಾದರೋ ತನ್ನದೇ ಡಿಕೋಡರ್‌ಗಳನ್ನು ಹೊತ್ತುಕೊಂಡೇ ಬರುತ್ತದೆ, ಏನು ಕೊಟ್ಟರೂ ನುಡಿಸುತ್ತದೆ. ಹಾಗಾಗಿ ‘ವಿಎಲ್‌ಸಿಯಲ್ಲಿ ಕೇಳಿಸಿತು’ ಎಂಬುದನ್ನು ನಾನು ಪರೀಕ್ಷೆಯೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದರೆ ಒಳಗೇನಿದೆ ಎಂದು ನೋಡಲು ಅದೇ ವಿಎಲ್‌ಸಿ ಬೇಕು. ವಿಡಿಯೋ ಓಡುತ್ತಿರುವಾಗ ಕಂಟ್ರೋಲ್ ಜೊತೆ ಜೆ ಒತ್ತಿ. ಆಡಿಯೋ ಎಂದಿರುವ ಕಡೆ ನಿಮಗೆ ‘ಪಿಸಿಎಂ ಎಸ್16 ಎಲ್ಇ’ ಎಂಬಂಥದ್ದು ಕಾಣುತ್ತದೆ. ಅಲ್ಲಿ ‘ಎಂಪೆಗ್ ಎಎಸಿ ಆಡಿಯೋ’ ಎಂದು ಬರುವಂತೆ ಮಾಡುವುದೇ ಈಗಿನ ಕೆಲಸ.

ಅದಕ್ಕೆ ಅವಿಡೆಮಕ್ಸ್ ಸಾಕು, ಉಚಿತ ತಂತ್ರಾಂಶ. ಹೆಸರು ತಿದ್ದಿದ ಫೈಲನ್ನು ಮೊದಲು ಮತ್ತೆ ಎಂಒವಿ ಮಾಡಿ ತೆರೆಯಿರಿ. ಎಡಗಡೆಯ ಪಟ್ಟಿಯಲ್ಲಿ ವಿಡಿಯೋ ಔಟ್‌ಪುಟ್ ‘ಕಾಪಿ’ ಎಂದೇ ಇರಲಿ. ಆಡಿಯೋ ಔಟ್‌ಪುಟ್ ಎಎಸಿ, ಕೆಳಗಡೆ ‘ಎಂಪಿ4 ಮಕ್ಸರ್’. ಸೇವ್ ಕೊಡಿ. ಚಿತ್ರ ಇದ್ದಹಾಗೇ ನಕಲಾಗುವುದರಿಂದ ಗುಣಮಟ್ಟ ಕೂದಲೆಳೆಯಷ್ಟೂ ಕೆಡುವುದಿಲ್ಲ, ರಾತ್ರಿಯಿಡೀ ಫ್ಯಾನ್ ಕೂಗಿಸುವುದೂ ತಪ್ಪುತ್ತದೆ. ಆದೇಶ ಟೈಪ್ ಮಾಡಿ ನಡೆಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶ ಬಲ್ಲವರಾದರೆ ಚಿತ್ರಕ್ಕೆ ಕಾಪಿ, ಧ್ವನಿಗೆ ಎಎಸಿ ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದು.

ಎಎಸಿಗೆ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ದತ್ತಾಂಶ ಬಳಸಬೇಕೆಂದು, ಕೇಳುತ್ತದೆ. ನಾನು ಧ್ವನಿಮುದ್ರಣದ ಕಡೆಯವನು, ಈ ಜಾಗದಲ್ಲಿ ಜಿಪುಣತನ ನನಗಾಗದು. 48 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೋ ಪಿಸಿಎಂ ಎಂದರೆ ಸೆಕೆಂಡಿಗೆ 1,536 ಕಿಲೋಬಿಟ್. ನಿಮ್ಮ ಮೂರು ಗಂಟೆಗೆ ಧ್ವನಿಯೊಂದೇ ಸುಮಾರು 2 ಜಿಬಿ. ಎಎಸಿಯಲ್ಲಿ 256 ಕಿಲೋಬಿಟ್ ಇಟ್ಟರೆ ಅದು 350 ಎಂಬಿಯ ಒಳಗೇ ಮುಗಿಯುತ್ತದೆ. ಅರ್ಥಧಾರಿಗಳ ಮಾತಿಗೆ 128 ಧಾರಾಳವಾಯಿತು. ಆದರೆ ಚೆಂಡೆಯ ಪೆಟ್ಟು, ಚಕ್ರತಾಳದ ಕಿಣಿ ಬಿಟ್‌ರೇಟ್ ಇಳಿದಂತೆ ಮೊದಲು ಮಸುಕಾಗುವಂಥವು. ಪೆಟ್ಟು ಬೀಳುವ ಮೊದಲೇ ಒಂದು ಸಣ್ಣ ಸರಸರ ಕೇಳಿಸತೊಡಗುತ್ತದೆ. ಭಾಗವತರ ಕಿವಿಗೆ ಅದು ಖಂಡಿತ ತಿಳಿಯುತ್ತದೆ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯಬೇಕೆಂಬ ಲೆಕ್ಕ) 48 ಕಿಲೋಹರ್ಟ್ಸ್‌ನಲ್ಲೇ ಇರಲಿ, 44.1ಕ್ಕೆ ಇಳಿಸಬೇಡಿ. ಅದು ಸಿಡಿಯ ಅಳತೆ, ವಿಡಿಯೋದ್ದಲ್ಲ.

ಇನ್ನು ಕ್ಯಾಮೆರಾದ ಧ್ವನಿ ಬಾರದಿದ್ದುದು. ಕಾರಣ ಇಲ್ಲೂ ಎಎಸಿಯೇ. ನೀವು ಹೇಳುವ ರಿಸಾಲ್ವ್ ಆವೃತ್ತಿ ಲಿನಕ್ಸಿನಲ್ಲಿ (ನಿಮ್ಮ ಉಬುಂಟು ಅದರದೇ ಒಂದು ರೂಪ) ಎಎಸಿಯನ್ನು ಓದುವುದೂ ಇಲ್ಲ, ಬರೆಯುವುದೂ ಇಲ್ಲ; ದುಡ್ಡು ಕೊಟ್ಟು ತಂದ ಸ್ಟುಡಿಯೋ ಆದರೂ ಅಷ್ಟೇ. ವಿಂಡೋಸ್, ಮ್ಯಾಕ್‌ಗಳಲ್ಲಿ ಈ ತೊಡಕಿಲ್ಲ. ಮುಂದಿನ ಸಲ ಎಡಿಟ್‌ಗೆ ಕೂರುವ ಮೊದಲೇ ಕ್ಯಾಮೆರಾದ ಫೈಲುಗಳನ್ನು ಎಫ್‌ಎಫ್‌ಎಂಪೆಗ್‌ನಲ್ಲಿ ಚಿತ್ರ ಕಾಪಿ, ಧ್ವನಿ ಪಿಸಿಎಂ ಎಂದು ಕೊಟ್ಟು ಎಂಒವಿ ಮಾಡಿಟ್ಟುಕೊಳ್ಳಿ. ರೆಕಾರ್ಡರಿನ ಧ್ವನಿಯೊಂದಿಗೆ ಹೊಂದಿಸುವುದಕ್ಕೂ ಆಗ ಒಂದು ಆಧಾರ ಸಿಗುತ್ತದೆ, ತುಟಿ ನೋಡಿ ಅಂದಾಜು ಹಾಕುವುದು ತಪ್ಪುತ್ತದೆ.

ಪ್ರಶ್ನೆ: ಶಾಲೆಯ ವೆಬ್‌ಸೈಟಿಗೆ ಮಕ್ಕಳ ಪದ್ಯವಾಚನದ ಎಂಪಿ4 ಫೈಲನ್ನು ವೆಬ್‌ಎಂ ಮಾಡಲು ಹೊರಟೆ. ಚಿತ್ರ, ಧ್ವನಿ ಎರಡಕ್ಕೂ ಕಾಪಿ ಎಂದು ಕೊಟ್ಟರೆ ಎಫ್‌ಎಫ್‌ಎಂಪೆಗ್ ದೋಷ ತೋರಿಸಿ ನಿಲ್ಲುತ್ತದೆ.
– ಶಿಕ್ಷಕಿ, ಧಾರವಾಡ

ಉತ್ತರ: ಅದು ನಿಲ್ಲಬೇಕಾದ್ದೇ. 2010ರಲ್ಲಿ ಗೂಗಲ್ ಹೊರತಂದ ವೆಬ್‌ಎಂ ಎಂಬ ಡಬ್ಬಿಯಲ್ಲಿ ಚಿತ್ರ ವಿಪಿ8, ವಿಪಿ9 ಅಥವಾ ಎವಿ1 ಆಗಿರಬೇಕು, ಧ್ವನಿ ವೊರ್ಬಿಸ್ ಅಥವಾ ಓಪಸ್. ನಿಮ್ಮ ಎಂಪಿ4ನಲ್ಲಿರುವುದು ಬಹುಶಃ ಎಚ್.264 ಮತ್ತು ಎಎಸಿ. ಎರಡಕ್ಕೂ ಅಲ್ಲಿ ಜಾಗವಿಲ್ಲ. ಸಾಗರದವರಿಗೆ ಹೇಳಿದ ಉಪಾಯ ನಿಮಗೆ ನಡೆಯದು, ಚಿತ್ರವನ್ನೂ ಹೊಸದಾಗಿ ಎನ್‌ಕೋಡ್ ಮಾಡಲೇಬೇಕು. ಆದರೆ ಅಷ್ಟೆಲ್ಲ ಯಾಕೆ? ಎಚ್.264, ಎಎಸಿ ಇರುವ ಎಂಪಿ4 ಈಗ ಜನ ಬಳಸುವ ಬ್ರೌಸರುಗಳಲ್ಲೆಲ್ಲ ಓಡುತ್ತದೆ. ಹಾಗೇ ಹಾಕಿ. ವೆಬ್‌ಎಂ ಬೇಕೇ ಬೇಕೆಂದು ವೆಬ್‌ಸೈಟ್ ನೋಡಿಕೊಳ್ಳುವವರು ಹಟ ಹಿಡಿದರೆ ವಿಪಿ9 ಮತ್ತು ಓಪಸ್ ಆರಿಸಿ. ಪದ್ಯವಾಚನಕ್ಕೆ ಓಪಸ್‌ನಲ್ಲಿ 96 ಕಿಲೋಬಿಟ್ ಸಾಕು.