ಮುಚ್ಚಿದ ಕಮಾನುಗಳನ್ನು ಹುಡುಕಿ ನೋಡಿ

ಪ್ರಶ್ನೆ: ಪುರಾತತ್ವದಲ್ಲಿ ಎಂ.ಎ. ಓದುತ್ತಿದ್ದೇನೆ. ಮಧ್ಯಯುಗದ ಪುರಾತತ್ವದ ಬಗ್ಗೆ ವಿದ್ಯಾರ್ಥಿಗಳೇ ನಡೆಸುವ ವಿಚಾರ ಸಂಕಿರಣಕ್ಕೆ ನನ್ನ ಪ್ರಬಂಧ ಆಯ್ಕೆಯಾಗಿದೆ. ಎರಡು ದಿನ ಪ್ರಬಂಧಗಳು. ಮೂರನೇ ದಿನ ಹಳೆಯ ಚರ್ಚ್, ಕೋಟೆ, ಪಾಳುಬಿದ್ದ ಹಳ್ಳಿ ನೋಡಲು ಕರೆದುಕೊಂಡು ಹೋಗುತ್ತಾರಂತೆ. ಅದಕ್ಕಾಗಿ ಉಳಿಯಬೇಕಾ? ಅಲ್ಲಿ ಹೇಳುವುದೆಲ್ಲ ಪುಸ್ತಕದಲ್ಲೇ ಇರುತ್ತದೆ ಅಲ್ವಾ?

ಉತ್ತರ: ಖಂಡಿತ ಉಳಿಯಿರಿ. ಮೊದಲ ಎರಡು ದಿನ ಕೇಳಿದ್ದು ಮೂರನೇ ದಿನವೇ ತಲೆಯಲ್ಲಿ ಕೂರುವುದು.

ಹಳೆಯ ಕಟ್ಟಡದ ಮುಂದೆ ನಿಂತಾಗ ಅದು ಎಷ್ಟು ದೊಡ್ಡದು, ಎಷ್ಟು ಚೆಂದ ಅಂತ ನೋಡಿ ಮುಂದೆ ಹೋಗಬೇಡಿ. ಎಲ್ಲಿ ಬದಲಾಗಿದೆ ಎಂದು ಹುಡುಕಿ. ಎರಡು ಗೋಡೆಗಳ ನಡುವೆ ಮೇಲಿಂದ ಕೆಳಗೆ ನೇರವಾದ ಸಂದು ಇದ್ದರೆ, ಕಲ್ಲುಗಳು ಒಂದಕ್ಕೊಂದು ಹೆಣೆದುಕೊಂಡಿಲ್ಲದಿದ್ದರೆ, ಸಾಮಾನ್ಯವಾಗಿ ಅವೆರಡನ್ನೂ ಒಟ್ಟಿಗೆ ಕಟ್ಟಿಲ್ಲ ಎಂದರ್ಥ. ಗೋಪುರದ ಮೈಮೇಲೆ ಇಳಿಜಾರಾದ ಗೆರೆ ಕಂಡರೆ ಅಲ್ಲಿಗೆ ಹಿಂದೆ ಒಂದು ಚಾವಣಿ ಬಂದು ಸೇರುತ್ತಿತ್ತು ಅನ್ನಿ. ಸಾಲಾಗಿ ಸಣ್ಣ ಚೌಕ ತೂತುಗಳಿದ್ದರೆ, ಕಟ್ಟುವಾಗ ಸಾರುವೆಯ ಮರ ಸಿಕ್ಕಿಸಿದ ಜಾಗ ಇರಬಹುದು.

ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ವಾರಮ್ ಪರ್ಸಿ ಎಂಬ ಪಾಳು ಹಳ್ಳಿಯಿದೆ. 1950ರಲ್ಲಿ ಮಾರಿಸ್ ಬೆರೆಸ್‌ಫರ್ಡ್ ಅಲ್ಲಿ ಅಗೆಯಲು ಶುರುಮಾಡಿದರು, ಆಮೇಲೆ ಜಾನ್ ಹರ್ಸ್ಟ್ ಜೊತೆಯಾದರು, 1990ರವರೆಗೂ ಬೇಸಿಗೆ ಬಂದರೆ ಅಲ್ಲಿ ಅಗೆತ. ಬೆರೆಸ್‌ಫರ್ಡ್ ಆರ್ಥಿಕ ಇತಿಹಾಸದವರು, ಕಾಗದಪತ್ರ ಓದುತ್ತಿದ್ದವರು ಹೊಲಕ್ಕೇ ಇಳಿದರು. ಅಲ್ಲಿನ ಚರ್ಚ್ ನೋಡಿ: ಊರಲ್ಲಿ ಜನ ಹೆಚ್ಚಿದಾಗ ಪಕ್ಕಕ್ಕೆ ಬೆಳೆಯಿತು, ಜನ ಕಡಿಮೆಯಾದಾಗ ಆ ಪಕ್ಕದ ಭಾಗಗಳನ್ನು ಕೆಡವಿ ಕಮಾನುಗಳನ್ನು ಕಲ್ಲಿಟ್ಟು ಮುಚ್ಚಿದರು. ಒಂದು ಊರು ಕರಗಿದ್ದು ಗೋಡೆಯಲ್ಲಿ ಕಾಣುತ್ತದೆ. ಪ್ಲೇಗಿನಲ್ಲಿ ಊರು ಸತ್ತಿತು ಎಂದು ಸುಮ್ನೆ ಹೇಳಿಬಿಡುವುದು ಸುಲಭ. ಆದರೆ 1348-49ರ ಪ್ಲೇಗ್ ಕಳೆದು ನೂರು ವರ್ಷದ ಮೇಲೂ ಅಲ್ಲಿ ಜನರಿದ್ದರು, ಕೊನೆಗೆ ಸುಮಾರು 1500ರ ಹೊತ್ತಿಗೆ ಕುರಿ ಮೇಯಿಸಲು ಜಮೀನು ಬೇಕೆಂದು ಒಡೆಯರು ಉಳಿದವರನ್ನೂ ಎಬ್ಬಿಸಿದರು.

ಹಳ್ಳಿಯ ಜಾಗಕ್ಕೆ ಬೆಳಗ್ಗೆ ಬೇಗ ಇಲ್ಲವೇ ಸಂಜೆ ಹೋಗುವಂತಿದ್ದರೆ ಒಳ್ಳೆಯದು. ಬಿಸಿಲು ಓರೆಯಾಗಿ ಬಿದ್ದಾಗ ಹುಲ್ಲಿನಡಿಯ ಮನೆಗಳ ತಳಪಾಯ, ಹಳೆಯ ದಾರಿ ಎಲ್ಲ ಎದ್ದು ಕಾಣುತ್ತವೆ.

ಪ್ರಶ್ನೆ: ನನ್ನ ವಿಷಯ ಹೊಲದಲ್ಲಿ ಸಿಕ್ಕ ಮಡಕೆ ಚೂರುಗಳು. ಸಿಗುವುದು 15 ನಿಮಿಷ. ಉಳಿದವರು ಕೋಟೆ, ನಿಧಿ ಅಂತೆಲ್ಲ ಮಾತಾಡುವಾಗ ನನ್ನದು ಯಾರಿಗೆ ಬೇಕು ಅನ್ನಿಸುತ್ತದೆ.

ಉತ್ತರ: ಹಾಗೆ ಅಂದುಕೊಳ್ಳಲೇಬೇಡಿ. ಆ ಕಾಲದ ದಾಖಲೆಗಳಲ್ಲಿ ಜಾಸ್ತಿ ಇರುವುದು ದೊರೆಗಳು, ಜಮೀನುದಾರರು, ಮಠದವರು. ಬೇಯಿಸಿ ಉಂಡವರ ಗುರುತು ಸಿಗುವುದು ನಿಮ್ಮ ಚೂರುಗಳಲ್ಲೇ. ಹೊರಮೈಗೆ ಮಸಿ ಹಿಡಿದಿದ್ದರೆ ಒಲೆ ಕಂಡ ಪಾತ್ರೆ ಇರಬೇಕು. ಊರಿನಿಂದ ದೂರದ ಹೊಲದಲ್ಲಿ ಸಣ್ಣ ಸವೆದ ಚೂರುಗಳು ತೆಳುವಾಗಿ ಹರಡಿದ್ದರೆ, ಅವು ಮನೆಯ ತಿಪ್ಪೆಯ ಗೊಬ್ಬರದ ಜೊತೆ ಅಲ್ಲಿಗೆ ಬಂದಿರುವ ಸಾಧ್ಯತೆ ಹೆಚ್ಚು. ಅಂದರೆ ಯಾವ ಹೊಲಕ್ಕೆ ಗೊಬ್ಬರ ಹಾಕುತ್ತಿದ್ದರು ಎಂಬ ನಕ್ಷೆ ನಿಮ್ಮ ಕೈಲಿದೆ! ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟ್ ಬೀದಿಯಲ್ಲಿ 1976ರಿಂದ 1981ರವರೆಗೆ ಅಗೆದಾಗಲೂ ಜನರ ಮನಸ್ಸು ಗೆದ್ದದ್ದು ಒದ್ದೆ ಮಣ್ಣಿನಲ್ಲಿ ಕೊಳೆಯದೆ ಉಳಿದ ಚರ್ಮದ ಬೂಟು, ಮರದ ಬಟ್ಟಲು, ಒಂದು ಉಣ್ಣೆಯ ಕಾಲುಚೀಲ.

ನಕ್ಷೆಯಿಂದಲೇ ಮಾತು ಶುರುಮಾಡಿ. ಚೂರುಗಳ ಫೋಟೊ ನಾಲ್ಕೈದು ಸಾಕು, ಉಳಿದವನ್ನು ಪ್ರಶ್ನೆ ಕೇಳಿದವರಿಗೆ ತೋರಿಸಿ.

ಪ್ರಶ್ನೆ: ಭೇಟಿಯಲ್ಲಿ ನೆಲದ ಮೇಲೆ ಚೂರು ಕಂಡರೆ ನೆನಪಿಗೆ ಒಂದು ತಂದುಕೊಳ್ಳಬಹುದಾ?

ಉತ್ತರ: ಬೇಡ. ಎಲ್ಲಿ ಬಿದ್ದಿತ್ತು ಅನ್ನುವುದರಲ್ಲೇ ಅದರ ಬೆಲೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಜೊತೆಗಿರುವ ತಜ್ಞರಿಗೆ ಜಾಗ ತೋರಿಸಿ.