ಆಷಾಢ ಬಂತು, ಲೆಕ್ಕದ ಪುಸ್ತಕ ತೆಗೆಯಿರಿ

ಫೋಟೋ ತೆಗೆದು, ಚಿತ್ರ ಬರೆದು, ಹಾಡಿ, ಎಡಿಟ್ ಮಾಡಿ ಸ್ವಂತವಾಗಿ ದುಡಿಯುವವರು ತೆರಿಗೆ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಮೈಸೂರು, ಮಂಡ್ಯ ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನಾನು ಆಡಿಟರ್ ಅಲ್ಲ. 15 ವರ್ಷದಿಂದ ಪುಸ್ತಕಗಳಿಗೆ ಮುಖಪುಟ ಬರೆದುಕೊಂಡು ಬದುಕುತ್ತಿರುವವಳು. ಎಡವಿದ ಜಾಗ ಎಲ್ಲಿ ಅಂತ ಗೊತ್ತು, ಅಷ್ಟೇ.

ಪ್ರಶ್ನೆ: ಮೇಡಂ, ನಾನು ಮಂಡ್ಯದಲ್ಲಿ ಮದುವೆ ಫೋಟೋ ತೆಗೆಯುತ್ತೇನೆ. ದುಡ್ಡೆಲ್ಲ ಫೋನ್‌ಪೇಗೆ ಬರುತ್ತದೆ. ಅದೇ ಖಾತೆಗೆ ಅಕ್ಕನ ಚೀಟಿ ದುಡ್ಡು, ಭಾವ ವಾಪಸ್ ಕೊಡುವ ಕೈಸಾಲ ಎಲ್ಲಾ ಬರುತ್ತದೆ. ಹೋದ ವರ್ಷ ಯುಪಿಐ ನೋಟಿಸ್ ಗಲಾಟೆ ಆದಾಗಿನಿಂದ ಭಯ. ಸುಮ್ನೆ ಕ್ಯಾಶ್ ತಗೊಳ್ಳೋದೇ ವಾಸಿ ಅಲ್ವಾ?

ಉತ್ತರ: ವಾಸಿ ಅಲ್ಲ. 2025ರ ಜುಲೈನಲ್ಲಿ ನೋಟಿಸ್ ಕೊಟ್ಟದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ. ಅದು ಜಿಎಸ್‌ಟಿ ವಿಷಯ. ಆದಾಯ ತೆರಿಗೆಯದ್ದು ಬೇರೆ ಇಲಾಖೆ, ಬೇರೆ ಲೆಕ್ಕ. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಯುಪಿಐಗೆ ಬಂದ ಒಟ್ಟು ಮೊತ್ತ ಆ ಗೆರೆ ದಾಟಿದವರನ್ನು ಹಿಡಿದು ಕೇಳಿದರು. ಆಗ ಬೇಕರಿ, ಟೀ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು 'ನೋ ಯುಪಿಐ' ಅಂತ ಬರೆದು ಅಂಟಿಸಿದ್ದನ್ನು ನೀವೂ ನೋಡಿರುತ್ತೀರಿ. ಅದರಿಂದ ಹಳೆಯ ಲೆಕ್ಕವೇನೂ ಅಳಿಸಿ ಹೋಗಲಿಲ್ಲ.

ಫೋಟೋಗ್ರಫಿ ಸೇವೆ, ಹಾಗಾಗಿ ನಿಮ್ಮ ಗೆರೆ 20 ಲಕ್ಷ. ಇದು ಲಾಭದ ಲೆಕ್ಕ ಅಲ್ಲ, ಕೈಗೆ ಬಂದ ಒಟ್ಟು ದುಡ್ಡಿನ ಲೆಕ್ಕ. ವರ್ಷಕ್ಕೆ 22 ಲಕ್ಷ ಬಂದು, ಅದರಲ್ಲಿ ವಿಡಿಯೋದವರಿಗೆ, ಡ್ರೋನ್ ಹುಡುಗನಿಗೆ, ಆಲ್ಬಂ ಲ್ಯಾಬಿಗೆ ಅಂತ 10 ಲಕ್ಷ ಕೊಟ್ಟುಬಿಟ್ಟರೂ ನಿಮ್ಮ ವಹಿವಾಟು 22 ಲಕ್ಷವೇ. ಬಹಳ ಜನ ಬೀಳುವುದು ಇಲ್ಲೇ. ಡ್ರೋನ್‌ನವನಿಗೆ ಮದುವೆ ಮನೆಯವರೇ ನೇರವಾಗಿ ಮಾತಾಡಿ, ಅವನೇ ಬಿಲ್ ಕೊಟ್ಟು ದುಡ್ಡು ತೆಗೆದುಕೊಂಡರೆ ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಕ್ಯಾಶ್. ಒಂದೇ ಸಮಾರಂಭಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಜಾಸ್ತಿ ನಗದು ತೆಗೆದುಕೊಳ್ಳುವ ಹಾಗಿಲ್ಲ. 2017ರಿಂದಲೇ ಇರುವ ನಿಯಮ ಇದು. ಅರಿಶಿನ ಶಾಸ್ತ್ರಕ್ಕೆ ಸ್ವಲ್ಪ, ರಿಸೆಪ್ಷನ್‌ಗೆ ಸ್ವಲ್ಪ ಅಂತ ಬಿಡಿಬಿಡಿಯಾಗಿ ತೆಗೆದುಕೊಂಡರೂ ಮದುವೆ ಒಂದೇ, ಲೆಕ್ಕವೂ ಒಂದೇ. ಸಿಕ್ಕಿಬಿದ್ದರೆ ಎಷ್ಟು ತೆಗೆದುಕೊಂಡಿರೋ ಅಷ್ಟೇ ದಂಡ. ಆ ಕ್ಯಾಶ್ ತಂದು ಎಸ್‌ಬಿ ಖಾತೆಗೆ ಹಾಕುತ್ತೀರಲ್ಲ, ವರ್ಷದಲ್ಲಿ ಅದು 10 ಲಕ್ಷ ಮುಟ್ಟಿದರೆ ಬ್ಯಾಂಕಿನವರೇ ಇಲಾಖೆಗೆ ವರದಿ ಮಾಡುತ್ತಾರೆ. ಎಲ್ಲಿ ಬಚ್ಚಿಡುತ್ತೀರಿ?

ನಿಮ್ಮ ನಿಜವಾದ ತೊಂದರೆ ಯುಪಿಐ ಅಲ್ಲ, ಅಕ್ಕನ ಚೀಟಿ. ನಾಳೆ ಯಾರಾದರೂ ಕೇಳಿದರೆ 9,500 ರೂಪಾಯಿ ಚೀಟಿದು, 20,000 ಪಾಂಡವಪುರದ ಮದುವೆ ಅಡ್ವಾನ್ಸು ಅಂತ ಮೂರು ವರ್ಷದ ಹಿಂದಿನದನ್ನು ನೆನಪಿನಿಂದ ಬಿಡಿಸಿ ಹೇಳಬೇಕಾಗುತ್ತದೆ. ಕೆಲಸಕ್ಕೇ ಅಂತ ಇನ್ನೊಂದು ಖಾತೆ ಮಾಡಿಸಿ. ಸ್ಟುಡಿಯೋ ಗೋಡೆ ಮೇಲಿನ ಕ್ಯೂಆರ್, ವಾಟ್ಸಾಪ್‌ನಲ್ಲಿ ಕಳಿಸುವ ಕ್ಯೂಆರ್ ಎರಡೂ ಅದರದ್ದೇ ಇರಲಿ. ಮನೆ ಖರ್ಚಿಗೆ ಬೇಕಾದಾಗ ಅಲ್ಲಿಂದ ಹಳೇ ಖಾತೆಗೆ ಹಾಕಿಕೊಳ್ಳಿ.

ಜೊತೆಗೆ ಒಂದು ಪುಸ್ತಕ. ಆ್ಯಪ್ ಬೇಕಾಗಿಲ್ಲ. ನಾನು ಇಂದಿಗೂ 200 ಪುಟದ ಲಾಂಗ್ ನೋಟ್‌ಬುಕ್‌ನಲ್ಲೇ ಬರೆಯುವುದು, ತಿಂಗಳ ಕೊನೆಗೆ ಎಕ್ಸೆಲ್‌ಗೆ ಏರಿಸುತ್ತೇನೆ. ನಿಮ್ಮದಾದರೆ ಒಂದು ಸಾಲು ಹೀಗಿರುತ್ತದೆ: ನವೆಂಬರ್ 23, ಪಾಂಡವಪುರ ಮದುವೆ, ಬಿಲ್ ನಂಬರ್ 31, ಒಟ್ಟು 85,000. ಅದರ ಕೆಳಗೆ ಅಡ್ವಾನ್ಸ್ 20,000 ಯುಪಿಐ, ಧಾರೆ ದಿನ 40,000 ಕ್ಯಾಶ್, ಆಲ್ಬಂ ಕೊಟ್ಟಾಗ 25,000 ಯುಪಿಐ, ಮೂರಕ್ಕೂ ತಾರೀಕು. ತಾರೀಕು ಯಾಕೆ ಅಂದರೆ ಫೆಬ್ರವರಿ ಮದುವೆಯ ಆಲ್ಬಂ ಜೂನ್‌ಗೆ ಹೋಗುತ್ತದೆ, ಬಾಕಿ ದುಡ್ಡು ಮಾರ್ಚ್ 31 ದಾಟಿ ಮುಂದಿನ ವರ್ಷದಲ್ಲಿ ಬಂದು ಕೂರುತ್ತದೆ. ಬಂದ ದಿನದ ಮೇಲೆ ಲೆಕ್ಕ ಹಿಡಿಯುತ್ತೀರಾದರೆ ಎಲ್ಲಾ ವರ್ಷವೂ ಹಾಗೇ ಹಿಡಿಯಿರಿ, ಅನುಕೂಲ ನೋಡಿ ಬದಲಾಯಿಸಬೇಡಿ. ಆಷಾಢದಲ್ಲಿ ಹೇಗೂ ಮದುವೆ ಇಲ್ಲ, ಕ್ಯಾಮೆರಾ ಬ್ಯಾಗ್ ಗೋಡೆಗೆ ನೇತುಹಾಕಿ ಕೂತಿರುತ್ತೀರಿ. ರಿಟರ್ನ್ಸ್, ಅಂದರೆ ವರ್ಷದ ಆದಾಯದ ಲೆಕ್ಕ ಇಲಾಖೆಗೆ ಹಾಕುವ ಕಾಲವೂ ಅದೇ. ಹೋದ ವರ್ಷದ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು, ಕೆಲಸದ ದುಡ್ಡಿಗೆಲ್ಲ ಒಂದು ಬಣ್ಣದ ಗೀಟು ಎಳೆಯುತ್ತಾ ಬನ್ನಿ. ಎರಡು ಮಧ್ಯಾಹ್ನದ ಕೆಲಸ.

ಪ್ರಶ್ನೆ: ನಾನು ಮೈಸೂರಿನ ವಿಜಯನಗರದವನು, ಸಿನಿಮಾ ಎಡಿಟರ್. 2025-26ರಲ್ಲಿ 9 ಲಕ್ಷ ಸಂಭಾವನೆ ಬಂತು, ಅದರಲ್ಲಿ ಶೇ. 10 ಟಿಡಿಎಸ್ (ದುಡ್ಡು ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿದೇ ಕೊಟ್ಟರು. ಸ್ನೇಹಿತ ಅರ್ಧ ತೋರಿಸಿದರೆ ಸಾಕು ಅನ್ನುತ್ತಾನೆ. ಕಳ್ಳ ಲೆಕ್ಕ ಆಗಲ್ವಾ?

ಉತ್ತರ: ಆಗಲ್ಲ, ನಿಮ್ಮ ಸ್ನೇಹಿತ ಹೇಳಿದ್ದು ಕಾನೂನಿನಲ್ಲೇ ಇದೆ. ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 44ಎಡಿಎ, ಅಂದಾಜು ಲೆಕ್ಕದ ಪದ್ಧತಿ ಅನ್ನುವುದು ಇದನ್ನೇ. ವಕೀಲರು, ಡಾಕ್ಟರು, ಇಂಜಿನಿಯರು, ಒಳಾಂಗಣ ವಿನ್ಯಾಸದವರು ಇರುವ ಆ ಪಟ್ಟಿಯಲ್ಲಿ ಸಿನಿಮಾ ಕಲಾವಿದರೂ ಇದ್ದಾರೆ. ನಟರು ಮಾತ್ರ ಅಲ್ಲ, ಕ್ಯಾಮೆರಾಮನ್, ಎಡಿಟರ್, ಗಾಯಕರು, ಹಾಡು ಬರೆಯುವವರು, ಸಂಭಾಷಣೆ ಬರೆಯುವವರು, ವಸ್ತ್ರ ವಿನ್ಯಾಸಕರು ಎಲ್ಲ ಸೇರುತ್ತಾರೆ. ಬಂದದ್ದರಲ್ಲಿ ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು, ಖರ್ಚಿನ ಬಿಲ್ಲು ಒಂದೊಂದಾಗಿ ಕೊಡಬೇಕಿಲ್ಲ. ಒಟ್ಟು ಸಂಭಾವನೆ 50 ಲಕ್ಷದವರೆಗೆ ಇದು ನಡೆಯುತ್ತದೆ, ನಗದು ಶೇ. 5 ಮೀರದಿದ್ದರೆ 75 ಲಕ್ಷದವರೆಗೆ. ಆದರೆ ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್, ಕರೆಂಟ್ ಬಿಲ್ ಎಲ್ಲಾ ಆ ಬಿಟ್ಟ ಅರ್ಧದೊಳಗೇ ಬಂತು ಅಂತ ಅರ್ಥ. ಮತ್ತೆ ಬೇರೆಯಾಗಿ ಕಳೆಯುವ ಹಾಗಿಲ್ಲ.

ಈಗ ನಿಮ್ಮ ಲೆಕ್ಕ. 9 ಲಕ್ಷದಲ್ಲಿ ಅರ್ಧ 4,50,000. ಬೇರೆ ಆದಾಯ ಇಲ್ಲ ಅಂದುಕೊಳ್ಳೋಣ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ಕ್ಕೆ 4 ಲಕ್ಷದವರೆಗೆ ತೆರಿಗೆ ಇಲ್ಲ, ಮಿಕ್ಕ 50,000ಕ್ಕೆ ಶೇ. 5ರಂತೆ 2,500. ಆದಾಯ 12 ಲಕ್ಷದೊಳಗೆ ಇರುವವರಿಗೆ ಅದೂ ರಿಯಾಯಿತಿಯಲ್ಲಿ ವಜಾ ಆಗುತ್ತದೆ. ಅಲ್ಲಿಗೆ ತೆರಿಗೆ ಸೊನ್ನೆ, ನಿಮ್ಮಿಂದ ಹಿಡಿದಿರುವುದು 90,000. ರಿಟರ್ನ್ಸ್ ಹಾಕಿದರೆ ವಾಪಸ್ ಬರುವ ದುಡ್ಡು ಅದು. ಹಾಕದೆ ಬಿಟ್ಟರೆ ಸರ್ಕಾರಕ್ಕೆ ದಾನ ಕೊಟ್ಟ ಹಾಗೆ.

ಆದರೆ ಆ 90,000 ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯಾ ನೋಡಿ. ಇ-ಫೈಲಿಂಗ್ ಪೋರ್ಟಲ್‌ಗೆ ಹೋದರೆ 26ಎಎಸ್ ಅಂತ ಒಂದು, ಎಐಎಸ್ ಅಂತ ಇನ್ನೊಂದು ಸಿಗುತ್ತದೆ. ಮೊದಲನೆಯದರಲ್ಲಿ ಯಾರು ಎಷ್ಟು ಟಿಡಿಎಸ್ ಕಟ್ಟಿದ್ದಾರೆ ಅನ್ನುವುದು, ಎರಡನೆಯದರಲ್ಲಿ ಬ್ಯಾಂಕ್ ಬಡ್ಡಿ, ಷೇರು, ಮ್ಯೂಚುವಲ್ ಫಂಡ್ ಎಲ್ಲ ಸೇರಿ ನಿಮ್ಮ ಜಾತಕವೇ ಇರುತ್ತದೆ. ಅಲ್ಲಿ ಇರುವುದೆಲ್ಲ ಸರಿ ಅಂತ ತಿಳಿಯಬೇಡಿ. ಕೆಲವು ವರ್ಷದ ಹಿಂದೆ ಒಂದು ಪ್ರಕಾಶನದವರು ನನ್ನ ಮುಖಪುಟಗಳ ದುಡ್ಡಿನಲ್ಲಿ 6,200 ಟಿಡಿಎಸ್ ಹಿಡಿದರು. 26ಎಎಸ್‌ನಲ್ಲಿ ಹುಡುಕಿದರೆ ಆ ಸಾಲೇ ಇಲ್ಲ. ನನ್ನ ಪ್ಯಾನ್‌ನಲ್ಲಿ ಒಂದು ಅಕ್ಷರ ತಪ್ಪಾಗಿ ಹೊಡೆದಿದ್ದರು. ತಪ್ಪು ಅವರದ್ದು, ತಿದ್ದುಪಡಿ ಹಾಕಬೇಕಾದವರೂ ಅವರೇ, ಓಡಾಡಿದ್ದು ಮಾತ್ರ ನಾನು. ನನ್ನ ನೋಟ್‌ಬುಕ್‌ನಲ್ಲಿ ಬಿಲ್ ನಂಬರ್, ತಾರೀಕು, ಹಿಡಿದ ಮೊತ್ತ ಇದ್ದದ್ದಕ್ಕೆ ಬಾಯಿ ಜೋರು ಮಾಡಲು ಆಯಿತು. ಈಗ ಪ್ರತಿ ಬಿಲ್ಲಿನ ಕೆಳಗೂ ಪ್ಯಾನ್ ದಪ್ಪಕ್ಷರದಲ್ಲಿ ಹಾಕುತ್ತೇನೆ, ಟಿಡಿಎಸ್ ಹಿಡಿದದ್ದಕ್ಕೆ ಅವರು ಕೊಡಬೇಕಾದ ಪ್ರಮಾಣಪತ್ರ ಫಾರಂ 16ಎ ಕೇಳಿ ಈಸಿಕೊಳ್ಳುತ್ತೇನೆ.

ಏಪ್ರಿಲ್‌ನಲ್ಲೇ ಅವಸರಪಟ್ಟು ಫೈಲ್ ಮಾಡುವವರಿಗೆ ಒಂದು ಮಾತು. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ವಿವರ ಕೊಡಲು ಕಂಪನಿಯವರಿಗೆ ಮೇ 31ರವರೆಗೆ ಸಮಯ ಇರುತ್ತದೆ. ಅದಕ್ಕೂ ಮೊದಲು ನೋಡಿದರೆ ಕೊನೇ ಮೂರು ತಿಂಗಳದ್ದು ಕಾಣಿಸದೇ ಹೋಗಬಹುದು. ಅಂದಹಾಗೆ 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರ್‌ಗಳೆಲ್ಲ ಬದಲಾಗಿವೆ. 2025-26ರಲ್ಲಿ ದುಡಿದದ್ದಕ್ಕೆ ಹಳೇ ಕಾಯ್ದೆಯೇ, ಗಾಬರಿ ಬೇಡ.

ಪ್ರಶ್ನೆ: ಕುವೆಂಪುನಗರದಲ್ಲಿ ಮನೆಯಿಂದಲೇ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ, ಗಿರಾಕಿಗಳೆಲ್ಲ ಹೊರದೇಶದವರು. ಅವರು ಟಿಡಿಎಸ್ ಹಿಡಿಯುವುದಿಲ್ಲ. ಹಾಗಾದರೆ ನನಗೆ ತೆರಿಗೆ ಇಲ್ಲ ಅಲ್ವಾ?

ಉತ್ತರ: ಇದೆ ಕಣಮ್ಮಾ. ಇಲ್ಲಿ ವಾಸ ಇರುವವರು ಲಂಡನ್‌ನಿಂದ ಬಂದ ದುಡ್ಡಿಗೂ ಇಲ್ಲೇ ಲೆಕ್ಕ ಕೊಡಬೇಕು. ಯಾರೂ ಹಿಡಿಯುವುದಿಲ್ಲ ಅಂದರೆ ನೀವೇ ಹಿಡಿದಿಟ್ಟುಕೊಳ್ಳಬೇಕು ಅಂತ. ಟಿಡಿಎಸ್ ಕಳೆದು ವರ್ಷದ ತೆರಿಗೆ 10,000 ಅಥವಾ ಜಾಸ್ತಿ ಆಗುವುದಾದರೆ ಮುಂಗಡವಾಗಿ ಕಟ್ಟಬೇಕು: ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್, ನಾಲ್ಕೂ ತಿಂಗಳ 15ರೊಳಗೆ. ಅಂದಾಜು ಲೆಕ್ಕದ ಪದ್ಧತಿ ಹಿಡಿದವರು ಮಾರ್ಚ್ 15ಕ್ಕೆ ಒಂದೇ ಸಲ ಕಟ್ಟಿದರೆ ಸಾಕು. ತಪ್ಪಿದರೆ ತಿಂಗಳಿಗೆ ಶೇ. 1 ಬಡ್ಡಿ. ಪ್ರತಿ ಸಲ ದುಡ್ಡು ಬಂದಾಗಲೂ ಬ್ಯಾಂಕ್ ಕೊಡುವ ವಿದೇಶಿ ಜಮಾ ಪತ್ರ ಇಳಿಸಿಕೊಂಡು, ಬಿಲ್ಲಿನ ಜೊತೆ ಒಂದೇ ಫೋಲ್ಡರ್‌ಗೆ ಹಾಕಿಡಿ.

ಒಂದು ಎಚ್ಚರ. ಮೇಲೆ ಹೇಳಿದ 44ಎಡಿಎ ಪಟ್ಟಿಯಲ್ಲಿ ಚಿತ್ರ ಬರೆಯುವವರ ಹೆಸರಿಲ್ಲ. ಮದುವೆ ಫೋಟೋದವರದ್ದೂ ಇಲ್ಲ. ಸಿನಿಮಾದವರಿಗೆ ಸಿಕ್ಕಿದ್ದು ನಮಗೆ ಯಾಕಿಲ್ಲ ಅಂತ ನನಗೂ ಸಿಟ್ಟಿದೆ. ಹಾಗಾದರೆ ವ್ಯಾಪಾರ ಅಂತ, ವ್ಯಾಪಾರಿಗಳಿಗೆ ಇರುವ ಅಂದಾಜು ಲೆಕ್ಕದ ಸೆಕ್ಷನ್ 44ಎಡಿಯಲ್ಲಿ ತೋರಿಸಬಹುದಾ ಅಂದರೆ ಆಡಿಟರ್‌ಗಳಲ್ಲೇ ಎರಡು ಅಭಿಪ್ರಾಯ ಇದೆ. ನಾನಂತೂ ಖರ್ಚಿನ ಬಿಲ್ಲು ಇಟ್ಟುಕೊಂಡು ಪೂರ್ತಿ ಲೆಕ್ಕ ಕೊಡುವ ರಿಟರ್ನ್ಸ್ ಫಾರಂ ಐಟಿಆರ್-3 ಹಾಕುತ್ತೇನೆ, ತಲೆನೋವು ಜಾಸ್ತಿ, ನಿದ್ದೆ ಚೆನ್ನಾಗಿ ಬರುತ್ತದೆ. ನೀವು ಒಬ್ಬ ಆಡಿಟರ್ ಹತ್ತಿರ ಒಂದು ಗಂಟೆ ಕೂತು ಕೇಳಿ. ಸುಮ್ನೆ ಅಂದಾಜು ಲೆಕ್ಕದವರ ಫಾರಂ ಐಟಿಆರ್-4 ಸುಲಭ ಅಂತ ಅದನ್ನೇ ಒತ್ತಬೇಡಿ.

ಪ್ರಶ್ನೆ: ಶ್ರೀರಂಗಪಟ್ಟಣದವನು, ಮೈಸೂರು ಶೈಲಿಯ ಚಿತ್ರ ಬರೆಯುತ್ತೇನೆ. ಸೈಬರ್ ಸೆಂಟರ್‌ನಲ್ಲಿ ರಿಟರ್ನ್ಸ್ ಹಾಕಿಸಿದೆ, ಪ್ರಿಂಟ್ ಕೂಡ ಕೊಟ್ಟರು. ಈಗ ಬ್ಯಾಂಕಿನಲ್ಲಿ ಅದು ಆಗೇ ಇಲ್ಲ ಅನ್ನುತ್ತಿದ್ದಾರೆ.

ಉತ್ತರ: ಇ-ವೆರಿಫೈ ಆಗಿರಲಿಕ್ಕಿಲ್ಲ. ಫೈಲ್ ಮಾಡಿದ 30 ದಿನದೊಳಗೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಹಾಕಿ ದೃಢಪಡಿಸಬೇಕು. ಇಲ್ಲದಿದ್ದರೆ ಹಾಕಿದ್ದೂ ಹಾಕದ ಲೆಕ್ಕ. ಗೆಸ್ಸೊ ಲೇಪ ಹಚ್ಚಿ ಚಿನ್ನದ ರೇಕು ಕೂರಿಸದೆ ಬಿಟ್ಟ ಹಾಗೆ ಅಂದುಕೊಳ್ಳಿ.

ನನಗೆ ಅದಕ್ಕಿಂತ ಚಿಂತೆ ಇನ್ನೊಂದು. ಪೋರ್ಟಲ್‌ನಲ್ಲಿ ನಿಮ್ಮ ಪ್ರೊಫೈಲ್ ತೆಗೆದು ಯಾರ ಮೊಬೈಲ್ ನಂಬರ್, ಯಾರ ಇಮೇಲ್ ಇದೆ ನೋಡಿ. ಎಷ್ಟೋ ಕಡೆ ಸೈಬರ್ ಹುಡುಗ ತನ್ನದೇ ನಂಬರ್ ಹಾಕಿರುತ್ತಾನೆ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಬೇಗ ಕೆಲಸ ಮುಗಿಯಲಿ ಅಂತ. ಆದರೆ ಇಲಾಖೆಯ ನೋಟಿಸ್ ಈಗ ಪೋಸ್ಟ್‌ಮ್ಯಾನ್ ತರುವುದನ್ನೇ ಕಾಯುವುದಿಲ್ಲ, ಇಮೇಲಿಗೆ ಬರುತ್ತದೆ. ನಿಮಗೆ ಬಂದ ನೋಟಿಸ್ ಅವನ ಇನ್‌ಬಾಕ್ಸ್‌ನಲ್ಲಿ ಕೂತಿರುತ್ತದೆ, ಉತ್ತರ ಕೊಡುವ ಗಡುವು ನಿಮ್ಮ ಮೇಲೆ ಓಡುತ್ತಿರುತ್ತದೆ. ನಂಬರ್ ಬದಲಾಯಿಸಿ, ಪಾಸ್‌ವರ್ಡ್ ಬದಲಾಯಿಸಿ, ಅದನ್ನು ಮನೆಯಲ್ಲಿ ಒಬ್ಬರಿಗೆ ಮಾತ್ರ ಹೇಳಿ. 'ರೀಫಂಡ್ ಬಂದಿದೆ, ಇಲ್ಲಿ ಒತ್ತಿ' ಅಂತ ಲಿಂಕ್ ಬಂದರೆ ಒತ್ತಬೇಡಿ.

ಪ್ರಶ್ನೆ: ನಾಟಕಗಳಿಗೆ ಬೆಳಕಿನ ವಿನ್ಯಾಸ ಮಾಡುತ್ತೇನೆ, ಮೈಸೂರು. ವರ್ಷಕ್ಕೆ 3 ಲಕ್ಷ ಉಳಿದರೆ ಹೆಚ್ಚು. ನಾನೂ ರಿಟರ್ನ್ಸ್ ಹಾಕಬೇಕಾ?

ಉತ್ತರ: ವರ್ಷದಲ್ಲಿ ನಿಮ್ಮ ಹೆಸರಿನಲ್ಲಿ ಹಿಡಿದ ಟಿಡಿಎಸ್ 25,000 ಮುಟ್ಟಿದ್ದರೆ ಆದಾಯ ಕಡಿಮೆ ಇದ್ದರೂ ಹಾಕಲೇಬೇಕು. ಅಷ್ಟಿಲ್ಲದಿದ್ದರೆ ಸಾಮಾನ್ಯವಾಗಿ ಕಡ್ಡಾಯ ಅಲ್ಲ. ಆದರೂ ಹಾಕಿ ಅನ್ನುತ್ತೇನೆ. ಮುಂದೆ ನಿಮ್ಮದೇ ಲೈಟು, ಡಿಮ್ಮರ್ ಕೊಳ್ಳಲು ಸಾಲಕ್ಕೆ ಹೋದಾಗ ನಮ್ಮಂಥವರ ಹತ್ತಿರ ಸಂಬಳದ ಚೀಟಿ ಇರುವುದಿಲ್ಲ, ಬ್ಯಾಂಕಿನವರು ಮೊದಲು ಕೇಳುವುದೇ ಎರಡು ಮೂರು ವರ್ಷದ ರಿಟರ್ನ್ಸ್. ಸಾಲ ಬೇಕಾದ ತಿಂಗಳಲ್ಲಿ ಮೂರು ವರ್ಷದ್ದನ್ನು ಒಟ್ಟಿಗೆ ಹಾಕಲು ಹೋದವರನ್ನು ನೋಡಿದ್ದೇನೆ, ಮ್ಯಾನೇಜರ್ ತಾರೀಕು ನೋಡಿ ನಕ್ಕರಂತೆ.