12 ವರ್ಷ ಇಲ್ಲೇ ಇದ್ದ ವಿದೇಶಿಯರಿಗೆ ಪೌರತ್ವ ಕೊಡಲೇಬೇಕಾ?

ಧಾರವಾಡದಲ್ಲಿ ಹಿಂದೂಸ್ತಾನಿ ಸಂಗೀತ ಕಲಿಯುತ್ತಿರುವ ನಿಮ್ಮ ವಿದೇಶಿ ಗೆಳೆಯರ ಬಗ್ಗೆ ಹೀಗೆ ಕೇಳಿದ್ದೀರಿ, ಮುಂಡಗೋಡದ ಟಿಬೆಟನ್ನರ ಮಾತನ್ನೂ ಎತ್ತಿದ್ದೀರಿ. ಗೆಳೆಯರಿಗೆ ಅರ್ಜಿ ಹಾಕುವ ಅರ್ಹತೆ ಇರಬಹುದು. ಆದರೆ ಕೊಡಲೇಬೇಕು ಅಂತೇನಿಲ್ಲ.

1955ರ ಪೌರತ್ವ ಕಾಯ್ದೆ ಕೇಳುವುದು: ಅರ್ಜಿಗೆ ಮುಂಚಿನ 12 ತಿಂಗಳು ಸತತ ವಾಸ, ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ, ಸನ್ನಡತೆ, ಸಂವಿಧಾನದ ಎಂಟನೇ ಅನುಸೂಚಿಯ ಭಾಷಾ ಪಟ್ಟಿಯಲ್ಲಿರುವ ಒಂದು ಭಾಷೆಯ ಜ್ಞಾನ (ನಮ್ಮ ಕನ್ನಡ ನಡೀತದ!). ವೀಸಾ ಮಾತ್ರ ಉದ್ದಕ್ಕೂ ಸರಿಯಿರಬೇಕು.

ಅಸಲಿ ತೊಡಕು ಇರುವುದು ಇದೇ ಕಾಯ್ದೆಯ 14ನೇ ಕಲಂನಲ್ಲಿ. ಕೊಡುವುದು ಬಿಡುವುದು ಸರ್ಕಾರದ ವಿವೇಚನೆ; ಕಾರಣ ಹೇಳುವ ಬಾಧ್ಯತೆಯೂ ಇಲ್ಲ. ಜಿಲ್ಲಾಧಿಕಾರಿ ಕಚೇರಿ ವಿಚಾರಿಸಿ ವರದಿ ಕಳಿಸುತ್ತದೆ, ತೀರ್ಮಾನ ಕೇಂದ್ರ ಗೃಹ ಸಚಿವಾಲಯದ್ದು. ತಿರಸ್ಕರಿಸಿದರೆ 30 ದಿನದೊಳಗೆ ಪುನರ್ವಿಮರ್ಶೆ ಕೇಳಬಹುದು. ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಹಾಕಬಹುದು ನಿಜ, ಆದರೆ ಕೋರ್ಟು ನೋಡುವುದು ದುರುದ್ದೇಶ, ಮನಸೋಇಚ್ಛೆ ಇತ್ತೇ ಅಂತ. ಸರ್ಕಾರದ ಜಾಗದಲ್ಲಿ ತಾನೇ ಕೂತು ಪೌರತ್ವ ಹಂಚುವುದಿಲ್ಲ. 14ನೇ ಕಲಂ ಸರ್ಕಾರದ ಕೈಯನ್ನು ಅತಿ ಸಡಿಲ ಬಿಟ್ಟಿದೆ ಅಂತ ನನಗೆ ಅನಿಸುತ್ತದೆ. ಕಾರಣವನ್ನಾದರೂ ಬರೆದು ಕೊಡಬೇಕಿತ್ತು.

ನೀವು ಹೇಳಿದ ಮುಂಡಗೋಡದ ಟಿಬೆಟನ್ನರದು ಬೇರೆ ದಾರಿ. 1950ರ ಜನವರಿ 26ರಂದು ಅಥವಾ ಆಮೇಲೆ, ಆದರೆ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು ಜನ್ಮದಿಂದಲೇ ಪೌರರು. ಅಲ್ಲಿ ವಿವೇಚನೆಯ ಮಾತೇ ಬರುವುದಿಲ್ಲ.